ಎರಡು ಹಸ್ತ

ನನ್ನ ತಮ್ಮ ಬಸವರಾಜ ಬೆಟಗೇರಿಯಲ್ಲಿದ್ದಾನೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಅವನಿಂದ ನನ್ನ ಫೋನಿಗೆ ಪಂಚಾಂಗ ಬರುತ್ತದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ರಾಹುಕಾಲ. ಕೆಳಗೆ ಒಂದು ದೀಪದ ಚಿತ್ರ, ಮುಗಿದ ಕೈ. ಮಹಾನವಮಿ ಹತ್ತಿರ ಬಂತೆಂದರೆ ಇದು ಇನ್ನೂ ಹೆಚ್ಚುತ್ತದೆ. ಯಾವ ದಿನ ಮನೆ ತೊಳೆಯಬೇಕು, ಯಾವ ದಿನ ಹಾಸಿಗೆ ಒಗೆಯಬೇಕು, ಯಾವ ಮಳೆಗೆ ಯಾವ ಬೀಜ ಎಂದು ಯಾರೋ ಬರೆದದ್ದನ್ನೆಲ್ಲ ಇವನು ನನ್ನ ಕಡೆಗೆ ತಳ್ಳುತ್ತಾನೆ. ಹೋದ ವಾರ ಅದರ ಕೆಳಗೆ ‘ನಮ್ಮ ಹಿರಿಯಾರು ಎಷ್ಟು ಶಾಣ್ಯಾರಿದ್ರು ನೋಡಕ್ಕಾ’ ಎಂದು ಬರೆದಿದ್ದ. ಓದಿ ಮೈಯೆಲ್ಲ ಉರಿಯಿತು. ಫೋನನ್ನು ಮಗುಚಿಟ್ಟು ಚಹಾ ಕುಡಿದೆ, ಚಹಾನೂ ರುಚಿ ಹತ್ತಲಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ. ನಾನು ಹೇಳಬೇಕೆಂದಿರುವ ವರ್ಷ ಅವನಿನ್ನೂ ತೊಟ್ಟಿಲಲ್ಲಿದ್ದ, ಆಗ ನಾವು ಉಂಡ ರೊಟ್ಟಿ ಅವನ ಬಾಯಿಗೆ ಬೀಳಲಿಲ್ಲ. ನಾನು ಮೂವತ್ತು ವರ್ಷ ಗದಗಿನ ಒಂದು ಧಾನ್ಯದ ಗೋದಾಮಿನಲ್ಲಿ ದುಡಿದೆ. ಚೀಲಕ್ಕೆ ಮೊನಚು ಕೊಳವೆ ಚುಚ್ಚಿ, ಹೊರಬಂದ ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಇದು ಇಡುವಂಥದ್ದೋ ಅಲ್ಲವೋ ಎಂದು ಹೇಳುವ ಕೆಲಸ. ಅಕ್ಕಾವರ ಮೂಗು ಭಾರಿ ಚುರುಕು ಎಂದು ಹಮಾಲರು ನನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ಆ ಮೂಗು ಹುಟ್ಟಿನಿಂದ ಬಂದದ್ದಲ್ಲ. ಅದನ್ನು ನನಗೆ ಕೊಟ್ಟದ್ದು ನಮ್ಮಜ್ಜನ ಪಂಚಾಂಗ. ಅದಕ್ಕೇ ಆ ಪುಸ್ತಕ ಅಂದರೆ ನನಗೆ ಭಕ್ತಿ ಬರುವುದಿಲ್ಲ, ಓಕರಿಕೆ ಬರುತ್ತದೆ.

ನಮ್ಮ ಊರು ಲಕ್ಷ್ಮೇಶ್ವರದ ಸಂತೆಗೆ ಚಕ್ಕಡಿಯಲ್ಲಿ ಹೋಗಿ ಹೊತ್ತು ಮುಳುಗುವುದರೊಳಗೆ ಮರಳಿ ಬರುವಷ್ಟು ದೂರ. ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಎಡಕ್ಕೆ ಎತ್ತು ಎಮ್ಮೆ ಕಟ್ಟುವ ಅಂಕಣ, ಬಲಕ್ಕೆ ಎರಡು ಮೆಟ್ಟಿಲು ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆ ಮನೆ. ಪಡಸಾಲೆಯ ನಡುಗಂಬಕ್ಕೆ ಒರಗಿ ಕರಿ ಕಂಬಳಿಯ ಮೇಲೆ ಅಪ್ಪನ ಅಪ್ಪ, ನಮ್ಮಜ್ಜ, ಕೂರುತ್ತಿದ್ದ. ಅವನ ತಲೆಯ ಮೇಲಿನ ಮಾಡದಲ್ಲಿ ಪಂಚಾಂಗ, ಅದರ ಮೇಲೆ ತಪಕೀರಿನ ಡಬ್ಬಿ. ದಿನಕ್ಕೆ ಇಪ್ಪತ್ತು ಸಲ ಚಿಟಿಕೆ ತಪಕೀರನ್ನು ಮೂಗಿಗೆ ಏರಿಸಿ, ಧೋತರದ ಅಂಚಿಗೆ ಮೂಗು ಒರೆಸಿ, ಅದೇ ಬೆರಳನ್ನು ನಾಲಿಗೆಗೆ ಹಚ್ಚಿ ಹಾಳೆ ತಿರುವುತ್ತಿದ್ದ. ಯುಗಾದಿಗೆ ತಂದ ಹೊಸ ಪಂಚಾಂಗದ ಮೂಲೆಗಳು ಮುಂಗಾರು ಮುಗಿಯುವುದರೊಳಗೆ ಕಂದು ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಅಜ್ಜನ ಕಣ್ಣಿಗೆ ಪೊರೆ ಬಂದ ಮೇಲೆ ಓದುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ನಾಲ್ಕನೆಯ ಇಯತ್ತೆ. ಓದುವುದೆಂದರೆ ಇಷ್ಟ, ಆ ಮೂಲೆಗಳನ್ನು ಮುಟ್ಟುವುದೆಂದರೆ ಅಸಹ್ಯ. ಉಗುರಿನ ತುದಿಯಿಂದ ಹಾಳೆ ಬಿಡಿಸಿ ಓದಿ, ಮುಗಿದ ಕೂಡಲೇ ಬಚ್ಚಲಿಗೆ ಓಡಿ, ಬೂದಿ ಹಚ್ಚಿ ಕೈ ತಿಕ್ಕುತ್ತಿದ್ದೆ. ಆಮೇಲೆ ಅಜ್ಜ ಕೊಟ್ಟ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬೆಲ್ಲಕ್ಕಿಂತ ದೊಡ್ಡ ಆಸೆ ಒಂದಿತ್ತು. ಯಾರಾದರೂ ಹಿರಿಯರು ಬಂದು ಕೂತಾಗ ಅಜ್ಜ ಅವರೆದುರು ನನ್ನ ಬೆನ್ನು ತಟ್ಟಿ ಹೇಳುತ್ತಿದ್ದ:

“ನಮ್ಮ ಗಿರಿಜವ್ವ ಓದಿದ್ಲಂದ್ರ ಒಂದಕ್ಷರ ಹೆಚ್ಚು ಕಮ್ಮಿ ಇರಂಗಿಲ್ಲ ನೋಡ್ರಿ.”

ಆ ಒಂದು ಮಾತಿಗಾಗಿ ನಾನು ಏನು ಬೇಕಾದರೂ ಮುಟ್ಟುತ್ತಿದ್ದೆ.

ಗಣಪತಿಯನ್ನು ಕಳಿಸಿದ ಮರುದಿನ ಅಜ್ಜ ಮುಂದಿನ ಎರಡು ತಿಂಗಳ ಕೆಲಸವನ್ನು ಹಂಚುತ್ತಿದ್ದ. ನಾನು ಓದಬೇಕು, ಅವನು ಹೇಳಬೇಕು, ಉಳಿದವರು ಹೂಂಗುಟ್ಟಬೇಕು. ಬಿತ್ತುವ ಕೂರಿಗೆಯನ್ನು ಬಡಿಗೇರನ ಮನೆಗೆ ಒಯ್ಯಲು ಒಂದು ದಿನ. ಹಿಂಗಾರಿ ಜೋಳಕ್ಕೆ ಒಂದು, ಕಡಲೆಗೆ ಒಂದು, ಕುಸುಬೆಗೆ ಒಂದು. ಗೋಡೆಗೆ ಸುಣ್ಣ ಬಳಿಯಲು, ಎತ್ತಿನ ಕೊಂಬು ಹೆರೆಸಲು, ಮಾಳಿಗೆಗೆ ಮಣ್ಣು ಹಾಕಲು ಬೇರೆ ಬೇರೆ ದಿನ. ಹೊಲದ ಕೆಲಸಕ್ಕೆ ದಿನ ನೋಡುವುದು ಹೋಗಲಿ, ಮಳೆ ಬೆಳೆಯ ಮಾತು. ಮನೆಯ ಹೆಂಗಸು ತಲೆಗೆ ನೀರು ಹಾಕಿಕೊಳ್ಳುವುದಕ್ಕೂ, ಉಗುರು ತೆಗೆಯುವುದಕ್ಕೂ, ಕೌದಿ ಒಗೆಯುವುದಕ್ಕೂ ಇವನು ದಿನ ಇಡುತ್ತಿದ್ದ. ಆ ವರ್ಷ ಬಸು ಹುಟ್ಟಿ ಐದು ತಿಂಗಳಾಗಿತ್ತು. ಕೂಸು ಉಚ್ಚೆ ಹೊಯ್ದ ಕೌದಿಯನ್ನು ಅವ್ವ ಬಿಸಿಲಿಗೆ ಹರವಬಹುದು, ಒಗೆಯುವಂತಿಲ್ಲ, ಯಾಕೆಂದರೆ ಅಜ್ಜ ಇಟ್ಟ ದಿನ ಇನ್ನೂ ಬಂದಿಲ್ಲ. ಒಣಗಿದ ಕೌದಿ ರಾತ್ರಿ ಮತ್ತೆ ಒದ್ದೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಅದನ್ನೇ ನಾನೂ ಅವ್ವನೂ ಹೊದೆಯುತ್ತಿದ್ದೆವು. ಅವ್ವನ ಕುಪ್ಪಸಕ್ಕೆ ಹಾಲು ಸೋರಿ ಹುಳಿ ಹಿಡಿದ ವಾಸನೆ, ಎಣ್ಣೆ ನೀರು ಕಾಣದ ತಲೆಯ ವಾಸನೆ, ಈ ಕೌದಿಯ ವಾಸನೆ. ಇದನ್ನು ಹಿರಿಯರ ಶಾಣೇತನ ಎಂದು ಬರೆದು ಕಳಿಸುವವರನ್ನು ಹಿಡಿದು ತಂದು ಒಂದು ರಾತ್ರಿ ಅದರಡಿ ಮಲಗಿಸಬೇಕು ಅನಿಸುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳಲ್ಲಿ ಬರುವ ಮಳೆಗೆ ಅದೇ ಹೆಸರು: ಉತ್ತರಿ ಮಳೆ, ಹಸ್ತ ಮಳೆ, ಚಿತ್ತಿ ಮಳೆ. ಚಂದ್ರ ಹಾಗಲ್ಲ, ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಆದ್ದರಿಂದ ಪಂಚಾಂಗದಲ್ಲಿ ಹಸ್ತ ಎಂಬ ಶಬ್ದ ಎರಡು ಕಡೆ ಬರುತ್ತದೆ. ಒಂದು ಮಳೆಯ ಹಸ್ತ, ಒಂದು ದಿನದ ಹಸ್ತ. ಶಾಲೆ ಕಾಣದ ಎಷ್ಟೋ ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಿದ್ದರು. ನಾನು ಆ ಬೇಸಿಗೆಯಲ್ಲೇ ಇದನ್ನು ಬೇರೆ ಮಾಡಿ ಹೇಳುವುದನ್ನು ಕಲಿತಿದ್ದೆ, ಅದಕ್ಕಾಗಿ ಎರಡು ಸಲ ಬೆನ್ನು ತಟ್ಟಿಸಿಕೊಂಡಿದ್ದೆ. ಅಜ್ಜನಿಗೆ ದಿನದ ಹಸ್ತ ಬಹಳ ಮುಖ್ಯ. ಹಿರಿಯರಿಗೆ ಎಡೆ ಇಡುವ ಪಕ್ಷದ ಹದಿನೈದು ದಿನ ಕೂಡಿಟ್ಟ ಧಾನ್ಯಕ್ಕೆ ಕೈ ಹಾಕಬಾರದು, ಹಸ್ತ ಇದ್ದ ದಿನ ಮಾತ್ರ ಹಾಕಬಹುದು ಎಂದು ಅವನಪ್ಪ ಹೇಳಿಹೋಗಿದ್ದನಂತೆ. ಹಸ್ತ ಅಂದರೆ ಕೈ, ಕೈಗೆ ದೋಷವಿಲ್ಲ ಎಂಬುದು ಅವರ ಲೆಕ್ಕ.

ಧಾನ್ಯ ಇದ್ದದ್ದು ಹಗೇವಿನಲ್ಲಿ. ಮನೆಯ ಮುಂದಿನ ಅಂಗಳದಲ್ಲಿ ಆಳುದ್ದಕ್ಕಿಂತ ಆಳವಾಗಿ ತೋಡಿ, ಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಗುಂಡಿ. ಆ ಮಣ್ಣಿನ ಮೇಲೆ ಅವ್ವ ದಿನಾ ಸಗಣಿ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ಬರುವ ಸುಗ್ಗಿಯವರೆಗೆ ಮನೆಯವರೆಲ್ಲ ಉಣ್ಣಬೇಕಾದ ಜೋಳ ಅದರಲ್ಲೇ. ಮನೆಯೊಳಗಿನ ಚೀಲದ ಜೋಳ ಮಹಾನವಮಿಗೆ ಮುಗಿಯುವಂತಿತ್ತು. ಆ ವರ್ಷ ಉತ್ತರಿ ಮಳೆ ಮೂರು ದಿನ ಬಿಡದೆ ಹೊಡೆದು ಅಂಗಳದಲ್ಲಿ ನೀರು ನಿಂತಿತ್ತು. ನೀರು ಇಂಗಿದ ಎರಡನೆಯ ದಿನ ಬೆಳಿಗ್ಗೆ ಸಾರಿಸುತ್ತಿದ್ದ ಅವ್ವ ನನ್ನನ್ನು ಕರೆದಳು.

“ಗಿರಿಜಾ, ಇಲ್ಲೆ ಕಾಲಿಡು.”

ಇಟ್ಟೆ. ಮಣ್ಣು ಬೆಚ್ಚಗಿತ್ತು. ಇನ್ನೂ ಬಿಸಿಲು ಬಿದ್ದಿರಲಿಲ್ಲ. ಅಂಗಳದ ಉಳಿದ ಕಡೆ ಹಸಿ ಸಗಣಿ ಹಾಗೇ ಇತ್ತು, ಹಗೇವಿನ ಬಾಯಿಯ ಸುತ್ತ ಮಾತ್ರ ಆಗಲೇ ಆರಿ ಬಿಳಿಚಿಕೊಂಡಿತ್ತು. ಅವ್ವ ಬಗ್ಗಿ ಮೂಸಿದಳು, ನಾನೂ ಬಗ್ಗಿ ಮೂಸಿದೆ. ಹಳೆಯ ಅಂಬಲಿಯಂಥ ಹುಳಿ ವಾಸನೆ, ಸಣ್ಣಗೆ. ಒಳಗಿನ ಜೋಳಕ್ಕೆ ನೀರು ತಾಕಿ ಅದು ಕಾಯುತ್ತಿದೆ ಎಂದು ಅವ್ವನಿಗೆ ಅಲ್ಲೇ ಗೊತ್ತಾಯಿತು. ಆಗಲೇ ತೆಗೆದಿದ್ದರೆ ಬುಡದ ಒಂದಿಷ್ಟು ಹೋಗಿ ಉಳಿದದ್ದೆಲ್ಲ ಉಳಿಯುತ್ತಿತ್ತು. ಕೈಯನ್ನೂ ತೊಳೆಯದೆ ಹೋಗಿ ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತು, ಸೆರಗು ಎಳೆದುಕೊಂಡು ಅಜ್ಜನಿಗೆ ಹೇಳಿದಳು.

“ಮಾವಾರ, ಹಗೇವ ಕಾಯಾಕ ಹತ್ತೈತ್ರಿ. ನೀರ ಇಳದೈತಿ ಅನಸ್ತೈತಿ. ಒಮ್ಮಿ ತಗಸಿ ನೋಡ್ರಿ.”

“ಪಕ್ಷದಾಗ ಹಗೇವ ತಗಿಯೋದು ಯಾರ ಮನ್ಯಾಗರ ಕೇಳಿಯೇನು ನೀಲವ್ವ?”

“ಹುಳಿ ವಾಸನಿ ಬರಾಕ ಹತ್ತೈತ್ರಿ.”

“ನನಗ ಬರವಲ್ದು” ಎಂದು ಅಜ್ಜ ಒಂದು ಚಿಟಿಕೆ ತಪಕೀರನ್ನು ಮೂಗಿಗೆ ಏರಿಸಿದ.

ಅವ್ವ ಎತ್ತಿಗೆ ಮೇವು ಹಾಕುತ್ತಿದ್ದ ಅಪ್ಪನ ಕಡೆ ನೋಡಿದಳು. ಅಪ್ಪ ಒಳ್ಳೆಯವನು. ಒಳ್ಳೆಯವನು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ, ಬರೆಯುವಾಗ ಅದೂ ಬಾಯಿಗೆ ಕಹಿಯಾಗುತ್ತಿದೆ. ‘ಅಪ್ಪ ಅದಾನಲ್ಲ’ ಎಂದಷ್ಟೇ ಹೇಳಿ ಅವನು ಎಮ್ಮೆಯ ಕಡೆಗೆ ಸರಿದ. ಆಗ ಉಳಿದವಳು ನಾನೊಬ್ಬಳು. ಮಧ್ಯಾಹ್ನ ಬೀಸುವ ಕಲ್ಲಿನ ಮುಂದೆ ಅವ್ವ ನನ್ನನ್ನು ಕೂರಿಸಿಕೊಂಡು, ಕಲ್ಲಿನ ಸದ್ದಿನಲ್ಲಿ ಮಾತು ಹೊರಗೆ ಕೇಳದಂತೆ ಕೇಳಿದಳು.

“ಪಂಚಾಂಗದಾಗ ಹಸ್ತ ಯಾವತ್ತ ಐತಿ?”

“ನಾಳಿಗೆ ಐತಿ. ಆದ್ರ ಅದು ಮಳಿ ಹಸ್ತವ್ವ. ನಾಳಿ ಉತ್ತರಿ ಮುಗದು ಹಸ್ತ ಮಳಿ ಕೂಡತೈತಿ. ದಿನದ ಹಸ್ತ ಬರೋದು ಅಮಾಸಿಗೆ.”

“ನಾಳಿ ಅಜ್ಜ ಕೇಳಿದ್ರ ಹಸ್ತ ಐತಿ ಅಂತ ಅಷ್ಟ ಅನ್ನು. ಯಾವದಂತ ಹೇಳಬ್ಯಾಡ. ಉತ್ತರಿ ಇನ್ನ ಎರಡ ದಿನ ಐತಿ ಅಂತ ಅವರ ಲೆಕ್ಕದಾಗ ಐತಿ, ಅವರಿಗೆ ತಿಳಿಯಂಗಿಲ್ಲ.”

“ಹೂಂ.”

“ನಾ ಉಂಡ್ರ ಕೂಸಿಗೆ ಹಾಲ. ಅದ ಜೋಳನ ಉಣಬೇಕು ನಾವು, ತಿಳೀತಿಲ್ಲೊ?”

ತಿಳಿದಿತ್ತು. ಹೂಂ ಎಂದು ಎರಡನೆಯ ಸಲ ಹೇಳಿದ್ದೂ ನೆನಪಿದೆ. ಅವ್ವ ನನ್ನ ಕೆನ್ನೆಯ ಮೇಲೆ ಬಿದ್ದಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ ಮತ್ತೆ ಬೀಸತೊಡಗಿದಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಫಕೀರಪ್ಪ ಕಾಕಾ ಬಂದು ಪಡಸಾಲೆಯಲ್ಲಿ ಕೂತಿದ್ದ. ಅವ್ವನೇ ಅವನ ಹೆಂಡತಿಗೆ ಹೇಳಿ ಅವನನ್ನು ಕರೆಸಿಕೊಂಡಿದ್ದಳು ಎಂದು ಈಗ ಅನಿಸುತ್ತದೆ. ಅಜ್ಜ ಎಂದಿನಂತೆ ಪಂಚಾಂಗವನ್ನು ನನ್ನ ಕೈಗೆ ಕೊಟ್ಟು, ಇವತ್ತು ಏನೈತಿ ನೋಡು ತಂಗಿ ಅಂದ. ನಾನು ಅಂಟಿದ ಹಾಳೆಯನ್ನು ಬಿಡಿಸಿ, ತಿಥಿ ಓದಿ, ವಾರ ಓದಿ, ಅಂಚಿನಲ್ಲಿದ್ದ ಶಬ್ದವನ್ನು ಓದಿದೆ.

“ಹಸ್ತ ಐತಜ್ಜಾ.”

“ಹಸ್ತ ಇದ್ರ ದೋಷ ಇಲ್ಲಲ್ಲೊ ಮತ್ತ” ಅಂದ ಫಕೀರಪ್ಪ ಕಾಕಾ. “ಸೊಸಿ ಅಷ್ಟ ಹೇಳಾಕ ಹತ್ಯಾಳಂದ್ರ ಒಮ್ಮಿ ತಗದ ನೋಡು. ನಿಂದೇನ ಗಂಟ ಹೋಗತೈತಿ?”

ಅಜ್ಜ ತಪಕೀರಿನ ಡಬ್ಬಿ ಮುಚ್ಚಿ ಮಾಡದಲ್ಲಿಟ್ಟ. ಆಮೇಲೆ ಅಪ್ಪನನ್ನು ಕೂಗಿ ಸಲಿಕೆ ತರಲು ಹೇಳಿದ. ಅಪ್ಪ ಮೂಲೆಯಿಂದ ಸಲಿಕೆ ತೆಗೆದುಕೊಂಡದ್ದನ್ನು ನೋಡಿದೆ. ಅಡುಗೆ ಮನೆಯ ಬಾಗಿಲಲ್ಲಿ ಬಸುವನ್ನು ಟೊಂಕದ ಮೇಲೆ ಇಟ್ಟುಕೊಂಡು ನಿಂತಿದ್ದ ಅವ್ವನನ್ನೂ ನೋಡಿದೆ. ಎಲ್ಲ ಸುರಳೀತವಾಗಿತ್ತು. ಆಗ ಫಕೀರಪ್ಪ ಕಾಕಾ ತನ್ನಷ್ಟಕ್ಕೇ ಗೊಣಗಿದ.

“ಮೊನ್ನೆರ ಹುಣ್ಣಿವಿ ಆತು. ಇಷ್ಟ ಜಲ್ದಿ ಹಸ್ತ ಹೆಂಗ ಬಂತಪಾ?”

ಅವನು ನನ್ನನ್ನು ಕೇಳಲಿಲ್ಲ. ಅಜ್ಜನನ್ನೂ ಕೇಳಲಿಲ್ಲ. ಉತ್ತರಕ್ಕಾಗಿ ಕಾಯಲೂ ಇಲ್ಲ, ಏಳಲೆಂದು ಮೊಳಕಾಲಿಗೆ ಕೈ ಊರಿದ್ದ. ನನಗೆ ಗೊತ್ತಿದ್ದ ಒಂದು ವಿಷಯ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು.

“ಅದು ಮಳಿ ಹಸ್ತ ಕಾಕಾ. ದಿನದ ಹಸ್ತ ಅಮಾಸಿ ದಿನ ಬರತೈತಿ. ಎರಡೂ ಬ್ಯಾರೆ ಬ್ಯಾರೆ.”

ಅಜ್ಜನ ಮುಖ ಅರಳಿತು. ತೊಡೆ ತಟ್ಟಿ ನಕ್ಕ. ನೋಡಿದೇನೊ ಫಕೀರಾ, ನೀ ತಪ್ಪಿದರೂ ನನ್ನ ಮೊಮ್ಮಗಳು ತಪ್ಪಂಗಿಲ್ಲ ಎಂದು ನನ್ನ ಬೆನ್ನು ತಟ್ಟಿ, ಮಾಡದಿಂದ ಬೆಲ್ಲ ತೆಗೆದು ಒಂದರ ಬದಲು ಎರಡು ಚೂರು ಕೊಟ್ಟ. ಅಪ್ಪ ಸಲಿಕೆಯನ್ನು ಮೂಲೆಗೆ ಒರಗಿಸಿದ. ನಾನು ಬಾಗಿಲ ಕಡೆ ತಿರುಗಿದಾಗ ಅವ್ವ ಅಲ್ಲಿರಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದು ಎರಡೂ ಚೂರು ತಿಂದೆ. ಸಿಹಿಯಾಗಿಯೇ ಇದ್ದವು. ಇದನ್ನು ಹೇಳದೆ ಬಿಟ್ಟರೆ ನಾನು ಅಜ್ಜನನ್ನಷ್ಟೇ ಹಳಿದಂತಾಗುತ್ತದೆ. ಆ ಹೊತ್ತು ನನಗೆ ನಾಚಿಕೆಯಾಗಿರಲಿಲ್ಲ, ಹೆಮ್ಮೆಯಾಗಿತ್ತು. ನನ್ನ ಮೇಲೆ ನನಗೆ ಅಸಹ್ಯ ಬರುವುದು ಆ ಹೆಮ್ಮೆಯನ್ನು ನೆನೆದಾಗ.

ಅಮಾವಾಸ್ಯೆಯವರೆಗೆ ಹನ್ನೆರಡು ಹದಿಮೂರು ದಿನ. ದಿನಾ ಬೆಳಿಗ್ಗೆ ನಾನು ಎದ್ದ ಕೂಡಲೇ ಹಗೇವಿನ ಬಾಯಿಗೆ ಅಂಗಾಲು ಇಟ್ಟು ನೋಡುತ್ತಿದ್ದೆ. ಮೊದಮೊದಲು ಬೆಚ್ಚಗೆ, ಆಮೇಲೆ ಬಿಸಿ. ವಾಸನೆಗಾಗಿ ಬಗ್ಗುವ ಕೆಲಸ ಉಳಿಯಲಿಲ್ಲ, ನಿಂತಲ್ಲೇ ಬರುತ್ತಿತ್ತು. ಮಣ್ಣಿನ ಬಿರುಕಿಗೆ ಸಣ್ಣ ಸಣ್ಣ ನೊಣ ಮುತ್ತಿದವು. ಅವ್ವ ಬಿರುಕಿಗೆ ಮಣ್ಣು ಮೆತ್ತಿ, ಸಾರಿಸಿ, ರಂಗೋಲಿ ಹಾಕುತ್ತಿದ್ದಳು. ಅಮಾವಾಸ್ಯೆಯ ದಿನ ನಾನು ಖರೆಯ ಹಸ್ತವನ್ನು ಓದಿದೆ, ಕೂಗಿ ಓದಿದೆ. ಅಜ್ಜ ತಲೆಯಾಡಿಸಿ, ಹಸ್ತ ಇದ್ದರೂ ಅಮಾವಾಸ್ಯೆ ಐತಲ್ಲ, ಮಹಾಲಯ ಅಮಾವಾಸ್ಯೆಗೆ ಭೂಮಿಯ ಬಾಯಿ ತೆರೆಯಬಾರದು ಅಂದ. ಇಂಥ ಒಂದು ಕಟ್ಟಳೆ ಇದೆ ಎಂದು ಅದಕ್ಕೆ ಮೊದಲು ಅವನು ಯಾವತ್ತೂ ಹೇಳಿರಲಿಲ್ಲ. ಮರುದಿನ ದೇವರ ಮುಂದೆ ಕಳಸ ಇಟ್ಟು ಮಹಾನವಮಿಯ ಘಟ್ಟ ಹಾಕಿದರು. ಘಟ್ಟ ಕೂತ ಮೇಲೆ ಒಂಬತ್ತು ದಿನ ಮನೆಯ ಲಕ್ಷ್ಮಿಯನ್ನು, ಅಂದರೆ ಕೂಡಿಟ್ಟ ಧಾನ್ಯವನ್ನು, ಅಲುಗಾಡಿಸಬಾರದು. ದೇವರ ಮುಂದೆ ಎಲೆಯ ಮೇಲೆ ಮಣ್ಣು ಹರವಿ ಬಿತ್ತಿದ ಕಾಳು ಮೂರನೆಯ ದಿನ ಮೊಳಕೆ ಒಡೆದು ಹಳದಿ ಹಸಿರಾಗಿ ನಿಂತವು. ಅಜ್ಜ ಅವನ್ನು ಬಂದವರಿಗೆಲ್ಲ ತೋರಿಸಿ, ಈ ವರ್ಷ ಭಾಳ ಛಲೋ ಐತಿ ಅನ್ನುತ್ತಿದ್ದ. ಅದೇ ಹೊತ್ತಿಗೆ ಅಂಗಳದ ಅಡಿಯಲ್ಲಿ ನಾವು ಉಣ್ಣಬೇಕಾದ ಕಾಳು ಮೊಳಕೆಯೊಡೆದು ಕೊಳೆಯುತ್ತಿತ್ತು. ಅವ್ವ ದೇವರ ಮನೆಗೂ ಹೋಗಿ ಕೈ ಮುಗಿದು ಬಂದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ನೀರು ತಾ, ಕೂಸಿನ್ನ ಹಿಡಿ, ಒಲೆ ನೋಡು, ಇಷ್ಟು ಮಾತು ಇತ್ತು.

ದಸರೆಯ ದಿನ ಯಾವ ಗಳಿಗೆಯನ್ನೂ ನೋಡಬೇಕಾಗಿಲ್ಲ. ಅವತ್ತು ಮಧ್ಯಾಹ್ನ ಅಪ್ಪ ಮಣ್ಣು ಕೆದರಿ ಕಲ್ಲು ಎತ್ತಿದ. ಎತ್ತಿದವನೇ ಸಲಿಕೆ ಎಸೆದು ಹಿಂದಕ್ಕೆ ಹಾರಿದ. ಒಳಗಿನಿಂದ ಹಬೆ ಬಂತು. ಆ ನಾತವನ್ನು ಹೇಳಲು ನನಗೆ ಇವತ್ತಿಗೂ ಮಾತು ಸಿಕ್ಕಿಲ್ಲ, ಗೋದಾಮಿನಲ್ಲಿ ಮೂವತ್ತು ವರ್ಷ ಹುಡುಕಿದ್ದೇನೆ. ಹುಳಿ, ಸತ್ತ ಇಲಿ, ಈದ ಎಮ್ಮೆಯ ಮಾಸು, ಇವೆಲ್ಲ ಸೇರಿದರೂ ಅದಾಗುವುದಿಲ್ಲ. ಹಗೇವಿನೊಳಗೆ ಕೆಟ್ಟ ಗಾಳಿ ಇದ್ದರೆ ಮನುಷ್ಯ ಇಳಿದರೆ ಸಾಯುತ್ತಾನೆ, ಅದಕ್ಕೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ಮೂರು ಸಲ ಇಳಿಸಿದರು, ಮೂರು ಸಲವೂ ಆರಿತು. ಹಗೇವನ್ನು ಹಾಗೇ ಬಾಯಿ ತೆರೆದು ಬಿಟ್ಟರು. ಸಂಜೆ ಬನ್ನಿ ಕೊಡಲು ಬಂದ ಓಣಿಯ ಜನ ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಹೇಳಿ ಬೇಗ ಬೇಗ ಹೋದರು. ಅಜ್ಜ ಕಂಬಳಿಯ ಮೇಲೆ ಕೂತು ಎಲ್ಲರಿಗೂ ಬನ್ನಿ ಕೊಟ್ಟ. ಮರುದಿನ ಅಪ್ಪ ಇಳಿದು ಬುಟ್ಟಿ ತುಂಬಿ ಮೇಲೆ ಕಳಿಸಿದ್ದು ಜೋಳದ ಹಾಗಿರಲಿಲ್ಲ. ಬುಡದ್ದು, ಬದಿಯದ್ದು ಕರಿ ಹೆಂಟೆ ಕಟ್ಟಿ ಹುಳು ಮಿಜಿಗುಡುತ್ತಿದ್ದವು. ನಡುವಿನದ್ದು ಬಣ್ಣಗೆಟ್ಟು ಬೂಷ್ಟು ಹಿಡಿದಿತ್ತು. ಅವ್ವ ನಡುವಿನ ಜೋಳವನ್ನೂ ತಿಪ್ಪೆಗೆ ಹಾಕಲು ಬುಟ್ಟಿ ಎತ್ತಿಕೊಂಡಿದ್ದಳು.

“ಎಲ್ಲಿಗೆ ಒಯ್ತಿ?” ಅಜ್ಜ ಕೇಳಿದ.

“ಚೆಲ್ಲಾಕ್ರಿ. ಇದು ಉಣಾಕ ಬರಂಗಿಲ್ರಿ.”

“ಹಗೇದ ಜೋಳ ಅಂದಮ್ಯಾಲ ವಾಸನಿ ಇರೋದ. ತೊಳದ ಮಾಳಿಗಿ ಮ್ಯಾಲ ಒಣಗಸು. ದಿನ ನೋಡಿ ತಗದ ಧಾನ್ಯ ಕೆಡಂಗಿಲ್ಲ.”

ಲಕ್ಷ್ಮೇಶ್ವರದ ಪೇಟೆಯಿಂದ ಜೋಳ ತರೋಣ ಎಂದು ಅಪ್ಪ ಆ ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟ. ಸುಗ್ಗಿಯಲ್ಲಿ ಹಗೇವು ತುಂಬಿದ ಮನೆಯವರು ಮಹಾನವಮಿಗೆ ಪೇಟೆಯಲ್ಲಿ ಜೋಳ ಕೊಂಡರೆ ಊರು ಏನಂತದೆ ಎಂದು ಅಜ್ಜ ಕೇಳಿದ, ಅಪ್ಪ ಮತ್ತೆ ಬಾಯಿ ಮುಚ್ಚಿದ. ಹಾಗಾಗಿ ಉಂಡೆವು. ನಾಲ್ಕು ನೀರಿನಲ್ಲಿ ತೊಳೆದು ಒಣಗಿಸಿ ಬೀಸಿದ ಹಿಟ್ಟಿಗೆ ಜಿಗಿಯೇ ಇರಲಿಲ್ಲ. ಅವ್ವ ಕುದಿವ ನೀರು ಹಾಕಿ ಎಷ್ಟು ನಾದಿದರೂ ರೊಟ್ಟಿ ತಟ್ಟುವಾಗ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕಲು ಎತ್ತಿದರೆ ತುಂಡಾಗುತ್ತಿತ್ತು. ಬೆಂದ ರೊಟ್ಟಿಯ ಬಣ್ಣ ಬೂದಿ, ಬಾಯಲ್ಲಿ ಕಹಿ, ಗಂಟಲಲ್ಲಿ ಒಂದು ಕೆರೆಯುವ ಹುಳಿ. ನಾನು ಮೊದಲ ತುತ್ತಿಗೇ ತಾಟಿನಲ್ಲಿ ವಾಂತಿ ಮಾಡಿಕೊಂಡೆ. ಅಜ್ಜ ಬೆಳ್ಳುಳ್ಳಿ ಚಟ್ನಿ ದಪ್ಪಗೆ ಹಚ್ಚಿ ಮೂರು ರೊಟ್ಟಿ ಉಂಡು, ಗಟ್ಟಿಯಾಗಿ ತೇಗಿ, ಏನಾಗೇತಿ ಇದಕ್ಕ ಅಂದ. ಉಳಿದ ರೊಟ್ಟಿಯನ್ನು ನಾನು ಎತ್ತಿನ ಮುಂದೆ ಹಿಡಿದೆ. ಎತ್ತು ಮೂಸಿ ಮುಖ ತಿರುಗಿಸಿತು. ಅದಕ್ಕೆ ತಿರುಗಿಸುವ ಹಕ್ಕಿತ್ತು. ಎಲ್ಲರಿಗೂ ಹೊಟ್ಟೆ ಕೆಟ್ಟಿತು. ಅವ್ವನಿಗೆ ಹಾಲು ಬತ್ತಿತು, ಬಸು ಒಣ ಮೊಲೆಯನ್ನು ಜಗ್ಗಿ ಜಗ್ಗಿ ಅಳುತ್ತಿದ್ದ, ಅವ್ವ ಎಮ್ಮೆಯ ಹಾಲಿಗೆ ನೀರು ಬೆರೆಸಿ ಬಟ್ಟೆಯ ಬತ್ತಿ ಅದ್ದಿ ಅವನ ಬಾಯಿಗಿಡುತ್ತಿದ್ದಳು. ಆ ಅಳು ಕೇಳುತ್ತ ಒಂದು ದಿನ ನಾನು ಒಲೆಯ ಹತ್ತಿರ ಹೋಗಿ ಕೂತೆ.

“ನಾ ಇದ್ದದ್ದ ಓದೇನವ್ವ. ಅದರಾಗ ಇದ್ದದ್ದನ್ನ.”

“ಹೂಂ” ಅಂದಳು ಅವ್ವ.

ಬೈದಿದ್ದರೆ, ಹೊಡೆದಿದ್ದರೆ, ನಾನು ಅತ್ತು ಹಗುರಾಗುತ್ತಿದ್ದೆ. ಅವಳು ಅದನ್ನು ಕೊಡಲಿಲ್ಲ.

ಶೀಗಿ ಹುಣ್ಣಿಮೆಯ ಎರಡು ದಿನದ ಮೇಲೆ ಅವ್ವನ ತವರು ಕೊರ್ಲಹಳ್ಳಿಯಿಂದ ಸೋದರಮಾವ ಬಂದ. ಅವ್ವನ ಅವ್ವನಿಗೆ ಮೈಯಲ್ಲಿ ಆರಾಮಿರಲಿಲ್ಲ, ಮಗಳನ್ನು ನೋಡಬೇಕು ಎಂದು ಹಟ ಹಿಡಿದಿದ್ದಳಂತೆ. ಮಾವ ಮರುದಿನ ಬೆಳಿಗ್ಗೆಯೇ ಅವ್ವನನ್ನೂ ಕೂಸನ್ನೂ ಕರೆದುಕೊಂಡು ಹೊರಡಬೇಕೆಂದಿದ್ದ. ಹೊಳೆ ದಂಡೆಯ ಆ ಊರಲ್ಲಿ ಹಾಲಿತ್ತು, ಒಳ್ಳೆಯ ಜೋಳವಿತ್ತು. ಅವ್ವ ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಆದರೆ ಸಂಜೆ ನೀರಿಗೆ ಹೋದಾಗ ಅವಳ ಹೆಜ್ಜೆ ಬೇರೆಯಾಗಿತ್ತು. ಬಾವಿಯಲ್ಲಿ ಫಕೀರಪ್ಪ ಕಾಕಾನ ಹೆಂಡತಿ ಸಿಕ್ಕಳು. ನಾಳೆ ಬೆಳಿಗ್ಗೆ ಭದ್ರೆ ಐತಂತ, ನಮ್ಮವರೂ ಎಲ್ಲಿಗೂ ಹೋಗಬ್ಯಾಡ ಅಂದಾರ, ನಿಮ್ಮ ಮನಿ ಹಿರಿಯಾರು ನಿನ್ನ ಬಿಡಂಗಿಲ್ಲ ತಗಿ ಅಂದಳು. ಭದ್ರೆ ಇದ್ದಾಗ ಮನೆಯ ಹೆಂಗಸನ್ನು ಹೊಸ್ತಿಲು ದಾಟಿಸಬಾರದು. ಅದು ದಾಟಿದ ಮೇಲೆ ಅಜ್ಜ ಇನ್ನೊಂದು ಒಳ್ಳೆಯ ದಿನ ಹುಡುಕುವುದರೊಳಗೆ ದೀಪಾವಳಿ ಬಂದಿರುತ್ತಿತ್ತು. ಅವ್ವ ಕೊಡ ಎತ್ತಿಕೊಂಡು ನಡೆದಳು, ನಾನು ಸಣ್ಣ ಬಿಂದಿಗೆ ಹಿಡಿದು ಅವಳ ಹಿಂದೆ.

ಮನೆಗೆ ಬಂದಾಗ ಮಾವ ಪಡಸಾಲೆಯ ಮೆಟ್ಟಿಲ ಮೇಲೆ ಕೂತಿದ್ದ. ಅಜ್ಜ ಪಂಚಾಂಗ ತೆಗೆದು ಇಟ್ಟುಕೊಂಡಿದ್ದ. ನಾಳಿ ಬೆಳಿಗ್ಗೆ ಏನೈತಿ ಓದು ತಂಗಿ, ಕರಣ ಯಾವುದೈತಿ ನೋಡು ಅಂದ. ನಾನು ಮೂಲೆ ಹಿಡಿದು ಹಾಳೆ ತಿರುವಿದೆ. ವಿಷ್ಟಿ ಎಂದು ಇತ್ತು. ಭದ್ರೆಗೆ ಪಂಚಾಂಗದಲ್ಲಿ ಅದೇ ಹೆಸರು. ಅದರ ಮುಂದಿನ ಕರಣ ಬವ, ಅದಕ್ಕೆ ದೋಷವಿಲ್ಲ.

“ಬವ ಐತಜ್ಜಾ.”

“ಸರಿಯಾಗಿ ನೋಡು.”

“ಬವ ಐತಿ.”

ಅಜ್ಜನಿಗೆ ಅನುಮಾನ ಬರಲು ಕಾರಣವಿರಲಿಲ್ಲ, ನಾನು ಓದಿದರೆ ಒಂದಕ್ಷರ ಹೆಚ್ಚು ಕಮ್ಮಿ ಇರುವುದಿಲ್ಲವಲ್ಲ. ಹೊತ್ತು ಏರುವುದರೊಳಗೆ ಹೊಂಡ್ರಿ ಹಂಗಾದ್ರ ಎಂದು ಮಾವನಿಗೆ ಹೇಳಿದ. ಮಾವ ಎದ್ದು ಕೈ ಮುಗಿದ. ಅಜ್ಜ ಬೆಲ್ಲಕ್ಕೆ ಕೈ ಹಾಕುತ್ತಿದ್ದ, ನಾನು ತಗೊಳ್ಳಲು ನಿಲ್ಲಲಿಲ್ಲ, ಕೈ ತೊಳೆಯಲೂ ನಿಲ್ಲಲಿಲ್ಲ, ಅಡುಗೆ ಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಕೂತು ಅದೇ ಹಿಟ್ಟನ್ನು ನಾದುತ್ತಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೆ, ಎರಡು ಮಾರು ದೂರದ ಮಾತು. ಬಾವಿಯ ಮಾತೂ ಅವಳ ಕಿವಿಯಲ್ಲೇ ಇತ್ತು. ಅವಳು ನನ್ನನ್ನು ಹತ್ತಿರ ಎಳೆದುಕೊಳ್ಳುತ್ತಾಳೆ, ಹಿಟ್ಟು ಮೆತ್ತಿದ ಕೈಯಿಂದಲೇ ಎಳೆದುಕೊಳ್ಳುತ್ತಾಳೆ ಎಂದು ನಿಂತೆ.

“ಅವ್ವಾ, ನಾಳಿ ಹೋಗಬಹುದು ನೀನು.”

ಅವ್ವ ಹಿಟ್ಟಿನ ಮುದ್ದೆಯನ್ನು ನಾದುವ ಮರದ ಕೊಣಮಿಗೆಯಲ್ಲಿ ಬಿಟ್ಟು, ಮುಖವೆತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ.

“ಹಂಗಾದ್ರ ಇಲ್ಲದ್ದ ಓದಾಕೂ ಬರತಿತ್ತು ನಿನಗ” ಅಂದಳು.